ಒಂದೇ ಥಾನಿಗೆ ಎರಡು ಮೊಹರು

ಗುಜರಿಯವನ ತಕ್ಕಡಿಯಲ್ಲಿ ಕಿಲೋ ಲೆಕ್ಕಕ್ಕೆ ತೂಗಿಹೋದ ಸರಕೊಂದಕ್ಕೆ ಈಗ ಮತ್ತೆ ಬೆಲೆ ಬಂದಿದೆ. 1990ರ ದಶಕದ ಕಂಪ್ಯೂಟರುಗಳ ಹೊಟ್ಟೆಯೊಳಗಿದ್ದ ಹಲಗೆಗಳನ್ನು, ಮದರ್‌ಬೋರ್ಡ್ ಎಂದು ಅಂಗಡಿಯವರು ಕರೆಯುವ ಆ ತಾಯಿಹಲಗೆಗಳನ್ನು, ದೇಶವಿದೇಶಗಳಲ್ಲಿ ಜನ ಹುಡುಕಿ ಹುಡುಕಿ ಕೊಳ್ಳುತ್ತಿದ್ದಾರೆ. ಧೂಳು ಗುಡಿಸುತ್ತಾರೆ, ಹೊಟ್ಟೆಯುಬ್ಬಿದ ಕೆಪಾಸಿಟರುಗಳನ್ನು ಕಿತ್ತು ಹೊಸವನ್ನು ಬೆಸೆಯುತ್ತಾರೆ, ವಿಂಡೋಸ್ 98 ತುಂಬಿ ಹಳೆಯ ಆಟಗಳನ್ನು ಆಡುತ್ತಾರೆ. ನಡುವಯಸ್ಸಿನ ಈ ಗೃಹಸ್ಥರು ನಾಲ್ಕು ಮಂದಿ ಒಂದೆಡೆ ಸೇರಿದರೆಂದರೆ ಮಾತು ತಪ್ಪದೆ ಒಂದೇ ಕಡೆಗೆ ಹರಿಯುತ್ತದೆ: 300ರ ಚಿಪ್ಪನ್ನು 450ಕ್ಕೆ ಓಡಿಸಿದ ಆ ದಿನಗಳು!

ಇದರಲ್ಲಿ ನಮಗೇನು ಎಂದು ವಾಚಕರು ಕೇಳಿದರೆ ತಪ್ಪಲ್ಲ. ಬೋನಸ್ಸು, ಬೇಳೆಯ ಧಾರಣೆ, ಅಂಗಡಿ ಬಾಡಿಗೆ ಇವುಗಳ ನಡುವೆ ಈ ಹಲಗೆಯ ಪುರಾಣ ಏತಕ್ಕೆ? ಏತಕ್ಕೆಂದರೆ, ಗಿರಣಿಯಲ್ಲಿ ದುಡಿದವನಿಗೂ ಸಣ್ಣ ಅಂಗಡಿ ಇಟ್ಟವನಿಗೂ ಚೆನ್ನಾಗಿ ಗೊತ್ತಿರುವ ಎರಡು ಪ್ರಶ್ನೆಗಳು ಇದರೊಳಗಿವೆ. ಯಂತ್ರದ ವೇಗವನ್ನು ನಿರ್ಧರಿಸುವವನು ಯಾರು? ದುಡ್ಡು ಕೊಟ್ಟು ಮನೆಗೆ ತಂದ ಮೇಲೆ ಸರಕು ಯಾರದು? ಹಳೆಯ ಹಲಗೆಗಳ ಮೇಲಿನ ಈ ಹಂಬಲವನ್ನು ವಯಸ್ಸಾದವರ ಹಳಹಳಿಕೆಯೆಂದು ತಳ್ಳಿಹಾಕುವುದು ಸುಲಭ. ನನ್ನ ಅಭಿಪ್ರಾಯ ಬೇರೆ. ಈ ಜನ ಕಳೆದುಕೊಂಡದ್ದು ನಿಜವಾದ ಒಂದು ಹಕ್ಕನ್ನು. ಅದನ್ನು ಹಕ್ಕೆಂದು ಕರೆಯದೆ ನೆನಪೆಂದು ಕರೆಯುತ್ತಿದ್ದಾರೆ, ಅಷ್ಟೆ.

ಮೊದಲು ಯಂತ್ರದ ಸಂಗತಿ. ಹಳೆಯ ಕಾಲದ ಹತ್ತಿ ಗಿರಣಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಎಂಜಿನ್ನಿನಿಂದ ತಿರುಗುವ ಉದ್ದನೆಯ ಶಾಫ್ಟು ಸೂರಿನುದ್ದಕ್ಕೂ ಹಾಯ್ದಿರುತ್ತಿತ್ತು. ಅದರ ಮೇಲಿನ ರಾಟೆಗಳಿಂದ ಬೆಲ್ಟು ಇಳಿದು ಒಂದೊಂದು ಯಂತ್ರವನ್ನೂ ತಿರುಗಿಸುತ್ತಿತ್ತು. ಶಾಫ್ಟಿನ ಸುತ್ತು ಎಲ್ಲಕ್ಕೂ ಒಂದೇ. ಆದರೆ ರಾಟೆಯ ಗಾತ್ರಕ್ಕೆ ತಕ್ಕಂತೆ ಒಂದು ಯಂತ್ರ ಬಿರುಸಾಗಿಯೂ ಇನ್ನೊಂದು ನಿಧಾನವಾಗಿಯೂ ಓಡುತ್ತಿತ್ತು. ಕಂಪ್ಯೂಟರಿನ ಹಲಗೆಯ ಏರ್ಪಾಡೂ ಇದೇ. ಅಲ್ಲಿ ಶಾಫ್ಟಿನ ಬದಲು ಸ್ಫಟಿಕದ ಚೂರೊಂದನ್ನು ಆಧರಿಸಿದ ಗಡಿಯಾರದ ಮಿಡಿತವಿದೆ. ಆ ಮಿಡಿತ ಹಲಗೆಯ ಮೇಲಿನ ದಾರಿಗಳಲ್ಲಿ ಹರಿದು ಎಲ್ಲ ಭಾಗಗಳಿಗೂ ತಾಳ ಕೊಡುತ್ತದೆ. ಲೆಕ್ಕ ಮಾಡುವ ಚಿಪ್, ಅಂದರೆ ಪ್ರಾಸೆಸರ್, ಆ ತಾಳವನ್ನು ಒಂದು ಸಂಖ್ಯೆಯಿಂದ ಗುಣಿಸಿಕೊಂಡು ಓಡುತ್ತದೆ. ಆ ಗುಣಕವೇ ಅದರ ರಾಟೆ. ಶಾಫ್ಟಿನ ಸುತ್ತು ಹೆಚ್ಚಿಸಿದರೂ, ರಾಟೆ ಬದಲಿಸಿದರೂ, ಚಿಪ್ಪಿನ ವೇಗ ಹೆಚ್ಚುತ್ತದೆ. ಕಂಪನಿ ಮೊಹರು ಹಾಕಿದ ವೇಗಕ್ಕಿಂತ ಮೇಲೆ ಓಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ಇದರಲ್ಲಿ ಮಂತ್ರವೂ ಇಲ್ಲ, ಮಾಯೆಯೂ ಇಲ್ಲ.

ಇನ್ನು ಮೊಹರಿನ ವಿಷಯ. ಸಿಲಿಕಾನಿನ ದುಂಡನೆಯ ಬಿಲ್ಲೆಯೊಂದರ ಮೇಲೆ ನೂರಾರು ಚಿಪ್ಪುಗಳು ಒಟ್ಟಿಗೆ ಮೂಡುತ್ತವೆ. ಅವನ್ನು ಕತ್ತರಿಸಿ, ಒಂದೊಂದನ್ನೂ ಪರೀಕ್ಷೆ ಮಾಡಿ, ಇದು 300, ಇದು 333 ಎಂದು ಗುರುತು ಹಾಕುತ್ತಾರೆ. ಶುರುವಿನಲ್ಲಿ ಈ ಗುರುತು ಪ್ರಾಮಾಣಿಕವಾಗಿರುತ್ತದೆ. ಆದರೆ ತಿಂಗಳು ಕಳೆದಂತೆ ಕಾರ್ಖಾನೆಯ ಕೈ ಪಳಗುತ್ತದೆ, ಬರುವ ಸರಕಿನಲ್ಲಿ ಹೆಚ್ಚು ಪಾಲು ಉತ್ತಮ ದರ್ಜೆಯದೇ ಆಗುತ್ತದೆ. ಆಗ ಕಂಪನಿಗೆ ಒಂದು ಪೇಚು: ಪೇಟೆಯಲ್ಲಿ ಅಗ್ಗದ ಮಾಲಿಗೆ ಬೇಡಿಕೆಯಿದೆ, ತಯಾರಾಗುತ್ತಿರುವುದು ಮೇಲು ಮಾಲು. ಎಲ್ಲವನ್ನೂ ಅಗ್ಗಕ್ಕೆ ಕೊಟ್ಟರೆ ಮೇಲು ದರ ಬಿದ್ದುಹೋಗುತ್ತದೆ. ಆದುದರಿಂದ ಮೇಲು ಮಾಲಿನ ಒಂದು ಪಾಲಿಗೆ ಕೀಳು ಮೊಹರು ಒತ್ತಿ ಕಳಿಸುತ್ತಾರೆ. ಒಂದೇ ಮಗ್ಗದಿಂದ ಇಳಿದ ಒಂದೇ ಥಾನನ್ನು ಎರಡು ತುಂಡು ಮಾಡಿ ಒಂದಕ್ಕೆ ಫಸ್ಟ್ ಎಂದೂ ಇನ್ನೊಂದಕ್ಕೆ ಸೆಕೆಂಡ್ಸ್ ಎಂದೂ ಛಾಪು ಒತ್ತಿದರೆ ಜವಳಿ ಅಂಗಡಿಯವನು ಏನೆಂದಾನು?

1998ರಲ್ಲಿ ನಡೆದದ್ದು ಈ ಕಥೆಯ ತಿರುಳು. ಆ ವರ್ಷದ ಏಪ್ರಿಲ್‌ನಲ್ಲಿ ಇಂಟೆಲ್ ಕಂಪನಿ ಬಡವರ ಚಿಪ್ ಎಂದು ಸೆಲೆರಾನ್ ತಂದಿತು. ಪ್ರಾಸೆಸರಿಗೆ ಪದೇ ಪದೇ ಬೇಕಾಗುವ ಮಾಹಿತಿಯನ್ನು ಕೈಗೆಟಕುವಂತೆ ಇಡುವ ಉಗ್ರಾಣವೊಂದಿರುತ್ತದೆ, ಕ್ಯಾಶ್ ಎನ್ನುತ್ತಾರೆ. ಎರಡನೆಯ ಹಂತದ ಆ ಉಗ್ರಾಣವನ್ನೇ ಕಿತ್ತುಹಾಕಿ ಅದನ್ನು ಮಾರಾಟಕ್ಕಿಟ್ಟರು. ಜನ ಮೂಗು ಮುರಿದರು. ಆಗಸ್ಟ್‌ನಲ್ಲಿ ತಪ್ಪು ತಿದ್ದಿ ಸೆಲೆರಾನ್ 300ಎ ಬಂದಿತು. ಅದರಲ್ಲಿ 128 ಕಿಲೋಬೈಟಿನ ಚಿಕ್ಕ ಉಗ್ರಾಣವಿತ್ತು, ಆದರೆ ಅದು ಚಿಪ್ಪಿನೊಳಗೇ ಇದ್ದು ಚಿಪ್ಪಿನ ಪೂರ್ಣ ವೇಗದಲ್ಲಿ ಕೆಲಸ ಮಾಡುತ್ತಿತ್ತು. ಅದೇ ಹೊತ್ತಿಗೆ ಬಂದ ಸಿರಿವಂತ ಚಿಪ್ ಪೆಂಟಿಯಂ 2, 450 ಮೆಗಾಹರ್ಟ್ಸ್. ಅದರ ಉಗ್ರಾಣ 512 ಕಿಲೋಬೈಟ್, ಆದರೆ ಅರ್ಧ ವೇಗದ್ದು. ಸಗಟು ಪಟ್ಟಿಯಲ್ಲಿ ಸೆಲೆರಾನಿಗೆ 149 ಡಾಲರ್, ಪೆಂಟಿಯಂ 2ಕ್ಕೆ 669 ಡಾಲರ್. ಡಾಲರಿಗೆ ಸುಮಾರು 42 ರೂಪಾಯಿ ಇದ್ದ ಆ ದಿನಗಳ ಲೆಕ್ಕದಲ್ಲಿ ಒಂದಕ್ಕೆ ಆರು ಸಾವಿರ ಚಿಲ್ಲರೆ, ಇನ್ನೊಂದಕ್ಕೆ ಇಪ್ಪತ್ತೆಂಟು ಸಾವಿರ.

ಈ ಹೊತ್ತಿಗಾಗಲೇ ಇಂಟೆಲ್ ತನ್ನ ಚಿಪ್ಪುಗಳ ಗುಣಕಕ್ಕೆ ಒಳಗಿನಿಂದಲೇ ಬೀಗ ಹಾಕತೊಡಗಿತ್ತು. 300ಎ ಚಿಪ್ಪಿನ ಗುಣಕ ನಾಲ್ಕೂವರೆ, ಬದಲಿಸುವಂತಿಲ್ಲ. ಹಲಗೆಯ ತಾಳ ಸೆಕೆಂಡಿಗೆ 6 ಕೋಟಿ 66 ಲಕ್ಷ ಬಡಿತ, ಅಂದರೆ 66 ಮೆಗಾಹರ್ಟ್ಸ್. ಇದನ್ನು ನಾಲ್ಕೂವರೆಯಿಂದ ಗುಣಿಸಿದರೆ 300. ರಾಟೆಗೆ ಬೀಗ ಬಿತ್ತು, ಸರಿ. ಆದರೆ ಶಾಫ್ಟು? ಅದು ಹಲಗೆಯ ಮೇಲಿತ್ತು, ಹಲಗೆ ಮಾಡುತ್ತಿದ್ದವರು ತೈವಾನಿನ ಸಣ್ಣ ದೊಡ್ಡ ಕಂಪನಿಗಳು. ಪೆಂಟಿಯಂ 2ಕ್ಕೆಂದು 440ಬಿಎಕ್ಸ್ ಎಂಬ ಚಿಪ್‌ಸೆಟ್ಟಿನ ಹಲಗೆಗಳು 100 ಮೆಗಾಹರ್ಟ್ಸ್ ತಾಳಕ್ಕೆ ತಯಾರಾಗಿ ಪೇಟೆಯಲ್ಲಿದ್ದವು. ಸೆಲೆರಾನನ್ನು ಅಂಥ ಹಲಗೆಗೆ ಕೂರಿಸಿ ತಾಳವನ್ನು 100ಕ್ಕೆ ಏರಿಸಿದರೆ ನೂರು ನಾಲ್ಕೂವರೆಯಲಿ ನಾನೂರೈವತ್ತು! ಕಂಪನಿಯ ಬೀಗ ಬೀಗವಾಗಿಯೇ ಇತ್ತು. ಬಾಗಿಲು ಮಾತ್ರ ಇನ್ನೊಂದು ಕಡೆ ತೆರೆದಿತ್ತು. ಎಲ್ಲ ಚಿಪ್ಪುಗಳೂ ಇದಕ್ಕೆ ಒಗ್ಗಲಿಲ್ಲ, ಆದರೆ ಬಹುಪಾಲು ಒಗ್ಗಿದವು. ಅನೇಕ ಕೆಲಸಗಳಲ್ಲಿ ಆರು ಸಾವಿರದ್ದು ಇಪ್ಪತ್ತೆಂಟು ಸಾವಿರದ್ದರ ಹೆಗಲಿಗೆ ಹೆಗಲು ಕೊಟ್ಟು ಓಡಿತು.

ಇಲ್ಲಿ ಒಂದು ಸೂಕ್ಷ್ಮವಿದೆ, ಯಂತ್ರ ಬಲ್ಲವರಿಗೆ ರುಚಿಸೀತು. ಒಂದೇ ಶಾಫ್ಟು ಎಲ್ಲವನ್ನೂ ತಿರುಗಿಸುತ್ತದೆ ಎಂದೆನಲ್ಲ. ಬೇರೆ ಬೇರೆ ಕಾರ್ಡುಗಳನ್ನು ಚುಚ್ಚುವ ಪಿಸಿಐ ಎಂಬ ದಾರಿ 33 ಮೆಗಾಹರ್ಟ್ಸಿಗೆ ಕಟ್ಟಿದ್ದು. ತಾಳ 66 ಇದ್ದಾಗ ಅದನ್ನು ಎರಡರಿಂದ ಭಾಗಿಸಿ 33 ಮಾಡಿಕೊಳ್ಳುತ್ತಿದ್ದರು. ಆತುರಗಾರರು ತಾಳವನ್ನು 75ಕ್ಕೋ 83ಕ್ಕೋ ಏರಿಸಿದರೆ ಈ ದಾರಿಯೂ 37ಕ್ಕೆ, 41ಕ್ಕೆ ಏರಿ, ಹಾರ್ಡ್ ಡಿಸ್ಕು ತಾಳ ತಪ್ಪಿ, ಬರೆದಿಟ್ಟ ಮಾಹಿತಿ ಕೆಟ್ಟುಹೋಗುವ ಭಯವಿತ್ತು. 100ಕ್ಕೆ ಏರಿಸಿದರೆ ಹಲಗೆ ಮೂರರಿಂದ ಭಾಗಿಸುತ್ತಿತ್ತು, ಮತ್ತೆ 33! ಅಂದರೆ ಅರ್ಧ ಧೈರ್ಯಕ್ಕೆ ಅಪಾಯ ಹೆಚ್ಚು, ಪೂರ್ಣ ಧೈರ್ಯಕ್ಕೆ ಕಡಿಮೆ. ಈ ಲೆಕ್ಕವನ್ನು ಕಾಗದದ ಮೇಲೆ ಹಾಕಿ ನೋಡಿ ಆಮೇಲೆ ಕೈ ಹಾಕಿದವನು ಜೂಜುಗಾರನಲ್ಲ, ಮೇಸ್ತ್ರಿ.

ಕೆಲವು ಹಲಗೆಗಳು ಚಿಪ್ಪನ್ನು ಕೇಳಿ ತಾವೇ ತಾಳ ನಿಶ್ಚಯಿಸುತ್ತಿದ್ದವು. ಅವಕ್ಕೂ ಮದ್ದಿತ್ತು. ಚಿಪ್ಪಿನ ಕಾರ್ಡಿನ ಅಂಚಿನಲ್ಲಿ ಸಾಲಾಗಿದ್ದ ಸಂಪರ್ಕಗಳಲ್ಲಿ ಬಿ21 ಎಂಬ ಒಂದನ್ನು ಸಣ್ಣ ಟೇಪಿನ ತುಂಡಿನಿಂದಲೋ ಉಗುರುಬಣ್ಣದಿಂದಲೋ ಮುಚ್ಚಿಬಿಟ್ಟರೆ ಹಲಗೆಯು ಇದು 100ರ ಚಿಪ್ಪೆಂದು ನಂಬಿಬಿಡುತ್ತಿತ್ತು. ಇನ್ನು ಕೆಲವು ಹಲಗೆಗಳಲ್ಲಿ ಜಂಪರ್ ಎಂಬ ಪುಟ್ಟ ಟೋಪಿಗಳನ್ನು ಚಿಮುಟದಿಂದ ಕಿತ್ತು ಬೇರೆ ಮೊಳೆಗಳಿಗೆ ತೊಡಿಸಬೇಕು. ತೈವಾನಿನ ಎಬಿಟ್ ಎಂಬ ಕಂಪನಿ ಆ ತಾಪತ್ರಯವನ್ನೂ ತಪ್ಪಿಸಿ ತಾಳ, ಗುಣಕ, ವೋಲ್ಟೇಜು ಎಲ್ಲವನ್ನೂ ಪರದೆಯ ಮೇಲೆ ಕೀಲಿಮಣೆಯಿಂದಲೇ ಬದಲಿಸುವ ಸಾಫ್ಟ್‌ಮೆನು ಎಂಬ ವ್ಯವಸ್ಥೆ ಮಾಡಿತು. ಅದರ ಬಿಎಚ್6 ಹಲಗೆಯನ್ನು ಇಂದಿಗೂ ಭಕ್ತಿಯಿಂದ ನೆನೆಯುವವರಿದ್ದಾರೆ. ವೇಗ ಹೆಚ್ಚಿದಷ್ಟೂ ಕಾವು ಹೆಚ್ಚು, ವೋಲ್ಟೇಜು ಏರಿಸಿದರಂತೂ ಅದರ ವರ್ಗದ ಪ್ರಮಾಣದಲ್ಲಿ ಕಾವು. ಹಾಗಾಗಿ ದೊಡ್ಡ ಅಲ್ಯುಮಿನಿಯಂ ತುಂಡು, ಎರಡು ಫ್ಯಾನು, ಪೆಟ್ಟಿಗೆಯ ಒಂದು ಪಕ್ಕ ಸದಾ ಬಿಚ್ಚಿದ್ದು, ರಾತ್ರಿಯೆಲ್ಲ ಹಿಟ್ಟಿನ ಗಿರಣಿಯಂಥ ಸದ್ದು.

ಈ ಜಾಣ್ಮೆ 1998ರಲ್ಲಿ ಹುಟ್ಟಿದ್ದೂ ಅಲ್ಲ. 1984ರಲ್ಲಿ ಐಬಿಎಂ ಕಂಪನಿ ಪಿಸಿ ಎಟಿ ಎಂಬ ಯಂತ್ರ ತಂದಾಗ ಅದರ 80286 ಚಿಪ್ 6 ಮೆಗಾಹರ್ಟ್ಸಿನಲ್ಲಿ ಓಡುತ್ತಿತ್ತು. ತಾಳ ಕೊಡುವ 12 ಮೆಗಾಹರ್ಟ್ಸಿನ ಸ್ಫಟಿಕವನ್ನು ಸಾಕೆಟ್ಟಿನಲ್ಲಿ ಕೂರಿಸಿದ್ದರು. ಜನ ಅದನ್ನು ಕಿತ್ತು, ಅಂಗಡಿಯಲ್ಲಿ ಪುಡಿಗಾಸಿಗೆ ಸಿಗುವ 16ರ ಸ್ಫಟಿಕ ಹಾಕಿ 8ರಲ್ಲಿ ಓಡಿಸಿದರು. ಐಬಿಎಂ ಏನು ಮಾಡಿತು? ಮುಂದಿನ ಯಂತ್ರಗಳಲ್ಲಿ ಶುರುವಾಗುವಾಗಲೇ ವೇಗವನ್ನು ಅಳೆದು, ಹೆಚ್ಚಿದ್ದರೆ ಏಳಲು ಒಲ್ಲೆನ್ನುವ ತಪಾಸಣೆಯನ್ನು ಸೇರಿಸಿತು. 1986ರಲ್ಲಿ ತಾನೇ 8 ಮೆಗಾಹರ್ಟ್ಸಿನ ಯಂತ್ರ ತಂದಿತು. ಇದಕ್ಕಿಂತ ಮೀರಿದ ಕಥೆ 1991ರ 486ಎಸ್‌ಎಕ್ಸ್ ಚಿಪ್ಪಿನದು. ದಶಾಂಶದ ಲೆಕ್ಕ ಮಾಡುವ ಭಾಗ ಅದರೊಳಗೆ ಇತ್ತು, ಆದರೆ ನಿಷ್ಕ್ರಿಯಗೊಳಿಸಿ ಅಗ್ಗವೆಂದು ಮಾರಿದರು. ಆಮೇಲೆ ಆ ಭಾಗ ಬೇಕಾದವರಿಗೆ 487ಎಸ್‌ಎಕ್ಸ್ ಎಂಬ ಸಹಾಯಕ ಚಿಪ್ ಕೊಳ್ಳಿರೆಂದರು. ಸಹಾಯಕ ಎಂದದ್ದು ನಿಜಕ್ಕೂ ಒಂದು ಪೂರ್ಣ 486. ಅದನ್ನು ಕೂರಿಸಿದೊಡನೆ ಹಳೆಯ ಚಿಪ್ ಬಾಯಿ ಮುಚ್ಚಿ ಸುಮ್ಮನಾಗುತ್ತಿತ್ತು. ಕೈಕಟ್ಟಿದ ಆಳಿಗೆ ಒಮ್ಮೆ ಸಂಬಳ, ಅವನನ್ನು ಮೂಲೆಗೆ ಕೂರಿಸಿ ಬಂದ ಆಳಿಗೆ ಮತ್ತೊಮ್ಮೆ!

ಕಂಪನಿಯ ಪಕ್ಷಕ್ಕೂ ಒಂದು ಮಾತಿದೆ, ಅದನ್ನು ಹೇಳದಿದ್ದರೆ ನ್ಯಾಯವಲ್ಲ. ಆ ದಿನಗಳಲ್ಲಿ ಅಗ್ಗದ ಚಿಪ್ಪಿನ ಮೇಲಿನ ಗುರುತನ್ನು ಅಳಿಸಿ ಹೆಚ್ಚಿನ ವೇಗದ ಗುರುತು ಅಚ್ಚು ಹಾಕಿ ಮಾರುವ ದಗಲ್ಬಾಜಿ ದಂಧೆ ಹಲವು ದೇಶಗಳಲ್ಲಿ ನಡೆದಿತ್ತು. ಗಿರಾಕಿ ಪೂರ್ತಿ ದುಡ್ಡು ಕೊಟ್ಟು ಅವಧಿಗೆ ಮುನ್ನ ಸಾಯುವ ಚಿಪ್ಪನ್ನು ಮನೆಗೊಯ್ಯುತ್ತಿದ್ದ. ಗುಣಕಕ್ಕೆ ಬೀಗ ಹಾಕಿದ್ದು ಈ ವಂಚಕರನ್ನು ತಡೆಯಲು ಎಂದು ಇಂಟೆಲ್ ಹೇಳಿತು. ಅದು ಸುಳ್ಳಲ್ಲ. ತೂಕದ ಕಲ್ಲನ್ನು ಉಜ್ಜಿ ಸವೆಸಿದವನ ಪರ ಈ ಪತ್ರಿಕೆಯ ಓದುಗನಾದ ಯಾವ ವ್ಯಾಪಾರಿಯೂ ನಿಲ್ಲಲಾರ. ಆದರೆ ಮುಚ್ಚಿಟ್ಟು ಮಾರಿದವನು ಬೇರೆ, ತನ್ನ ಸ್ವಂತ ಯಂತ್ರವನ್ನು ತಿಳಿದೂ ತಿಳಿದೂ ತನ್ನ ಹೊಣೆಯ ಮೇಲೆ ಓಡಿಸಿದವನು ಬೇರೆ. ಸುಟ್ಟರೆ ಅವನದೇ ಸುಟ್ಟಿತು. ಗ್ಯಾರಂಟಿ ಹೋಯಿತೆಂದು ಅವನಿಗೆ ಗೊತ್ತಿತ್ತು. ಕಳ್ಳನನ್ನು ಹಿಡಿಯಲು ಇಡೀ ಓಣಿಗೆ ಬೀಗ ಹಾಕುವುದು ಯಾವ ನ್ಯಾಯ? ಅಲ್ಲದೆ ಒಂದು ಸಣ್ಣ ಸಂಗತಿ ಕಂಪನಿಯ ಮಾತನ್ನು ಅಳ್ಳಕ ಮಾಡುತ್ತದೆ. ಹುಡುಗರು 1998ರಲ್ಲೇ ಸೆಲೆರಾನಿಗೆ ಕೊಟ್ಟ 100 ಮೆಗಾಹರ್ಟ್ಸಿನ ತಾಳವನ್ನು ಇಂಟೆಲ್ ತಾನಾಗಿ ಸೆಲೆರಾನಿಗೆ ದಯಪಾಲಿಸಿದ್ದು 2001ರ ಜನವರಿಯಲ್ಲಿ. ನಡುವಿನ ಎರಡೂವರೆ ವರ್ಷ ತಡೆದದ್ದು ಸಿಲಿಕಾನ್ ಅಲ್ಲ, ದರಪಟ್ಟಿ.

ಎಬಿಟ್ 1999ರಲ್ಲಿ ಬಿಪಿ6 ಎಂಬ ಹಲಗೆ ಮಾಡಿ ಎರಡು ಸೆಲೆರಾನುಗಳನ್ನು ಒಂದೇ ನೊಗಕ್ಕೆ ಕಟ್ಟಿತು. ಜೋಡಿ ಚಿಪ್ಪಿನ ಯಂತ್ರ ಅಲ್ಲಿಯತನಕ ದೊಡ್ಡ ಸಂಸ್ಥೆಗಳ ಸೊತ್ತು. ಸೆಲೆರಾನ್ ಜೋಡಿಗೆ ಅಲ್ಲವೆಂದು ಇಂಟೆಲ್ ಹೇಳಿದ್ದರೂ ಚಿಪ್ಪಿನೊಳಗೆ ಆ ಶಕ್ತಿ ಉಳಿದೇ ಇತ್ತು. ವಿಂಡೋಸ್ 98ಕ್ಕೆ ಎರಡನೆಯ ಎತ್ತು ಕಾಣಿಸುತ್ತಲೇ ಇರಲಿಲ್ಲ, ಲಿನಕ್ಸೋ ವಿಂಡೋಸ್ ಎನ್‌ಟಿಯೋ ಬೇಕಾಗುತ್ತಿತ್ತು, ಅದು ಬೇರೆ ಮಾತು. ಮುಂದಿನ ವರ್ಷದ ಸೆಲೆರಾನುಗಳಲ್ಲಿ ಆ ಶಕ್ತಿಯನ್ನು ಕತ್ತರಿಸಿಹಾಕಿದರು. ಇನ್ನು 2000ದಲ್ಲಿ ಬಂದ ಎಎಂಡಿ ಕಂಪನಿಯ ಡ್ಯುರಾನ್, ಆಥ್ಲಾನ್ ಚಿಪ್ಪುಗಳ ಬೆನ್ನ ಮೇಲೆ ಸಣ್ಣ ಸಣ್ಣ ಚುಕ್ಕಿಗಳ ಸಾಲಿತ್ತು. ಕಡಿದಿದ್ದ ಆ ಚುಕ್ಕಿಗಳ ನಡುವೆ ಶಾಲೆಯ ಮಕ್ಕಳ ಪೆನ್ಸಿಲಿನಿಂದ ಗೆರೆ ಎಳೆದರೆ ಸೀಸದಕಡ್ಡಿಯ ಗ್ರಾಫೈಟಿನಲ್ಲಿ ವಿದ್ಯುತ್ತು ಹರಿದು ಗುಣಕದ ಬೀಗ ತೆರೆದುಕೊಳ್ಳುತ್ತಿತ್ತು. ಕೋಟ್ಯಂತರ ಡಾಲರಿನ ಕಾರ್ಖಾನೆಯ ಬೀಗಕ್ಕೆ ಒಂದು ಪೆನ್ಸಿಲು!

ನಮ್ಮಲ್ಲಿ ಇದು ಬಂದದ್ದು ಜೋಡಿಸಿ ಮಾರುವ ಸಣ್ಣ ಅಂಗಡಿಗಳ ಮೂಲಕ. ಬೆಂಗಳೂರಿನ ಎಸ್.ಪಿ. ರಸ್ತೆ, ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದಿಲ್ಲಿಯ ನೆಹರೂ ಪ್ಲೇಸ್. ಭಾರತ 1997ರಲ್ಲಿ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿ ಬಿಡಿಭಾಗಗಳ ಆಮದು ಸುಂಕ ಹಂತಹಂತವಾಗಿ ಇಳಿದು 2005ಕ್ಕೆ ಸೊನ್ನೆಯಾಯಿತು. ಹಲಗೆ ಒಬ್ಬನಿಂದ, ಚಿಪ್ ಇನ್ನೊಬ್ಬನಿಂದ, ಪೆಟ್ಟಿಗೆ ಮತ್ತೊಬ್ಬನಿಂದ ತಂದು ಗಿರಾಕಿಯ ಜೇಬು ನೋಡಿ ಯಂತ್ರ ಕಟ್ಟಿಕೊಡುವ ಆ ಅಂಗಡಿಯವನು ದರ್ಜಿಯ ಹಾಗೆ. ಅವನಿಗೆ ಯಾವ ಹಲಗೆಗೆ ಯಾವ ಮೆಮೊರಿ ಒಗ್ಗುತ್ತದೆ, ಯಾವುದು ಕಾಯುತ್ತದೆ, ಯಾವುದು ಆರು ತಿಂಗಳಿಗೆ ಕೈಕೊಡುತ್ತದೆ ಎಂಬುದು ಬಾಯಿಪಾಠ. ಆದರೆ ಇದನ್ನೂ ಮರೆಯಬಾರದು: ಆಗ ಅಂಥ ಯಂತ್ರದ ಬೆಲೆ ಗಿರಣಿ ಕಾರ್ಮಿಕನ ಹಲವು ತಿಂಗಳ ಸಂಬಳ. ವೇಗದ ಕೀಲಿ ಕೈಯಲ್ಲಿದ್ದ ಹುಡುಗರು ಮಧ್ಯಮ ವರ್ಗದ ಮನೆಗಳವರು. ಇಂದು ಆ ಕಾಲವನ್ನು ಸುವರ್ಣಯುಗವೆಂದು ಹಾಡುವವರು ಬಾಗಿಲ ಹೊರಗೆ ನಿಂತಿದ್ದವರ ಲೆಕ್ಕವನ್ನು ಬಿಟ್ಟೇ ಹಾಡುತ್ತಾರೆ.

ವೇಗ ಎಂದೊಡನೆ ಗಿರಣಿಯವನಿಗೆ ಮೈ ಜುಮ್ಮೆನ್ನುವುದುಂಟು, ಅದೂ ಸರಿಯೇ. ಕದಿರಿನ ಸುತ್ತು ಹೆಚ್ಚಿಸಿದರೆ ಎಳೆ ಹೆಚ್ಚು ಹರಿಯುತ್ತದೆ, ಹರಿದ ಎಳೆಯನ್ನು ಓಡಿ ಓಡಿ ಕೂಡಿಸುವುದು ಕಾರ್ಮಿಕನ ಕಾಲು. ಕಡಿಮೆ ಆಳಿನಿಂದ ಹೆಚ್ಚು ಯಂತ್ರ ನಡೆಸುವ ಏರ್ಪಾಡಿನ ವಿರುದ್ಧ 1955ರಲ್ಲಿ ಕಾನ್ಪುರದ ಜವಳಿ ಕಾರ್ಮಿಕರು 80 ದಿನ ಮುಷ್ಕರ ಹೂಡಿದ್ದು ಸುಮ್ಮನೆಯಲ್ಲ. ಅಲ್ಲಿ ವೇಗ ಹೆಚ್ಚಿಸುವವನು ಧಣಿ, ಬೆವರು ಕಾರ್ಮಿಕನದು, ಲಾಭ ಮತ್ತೆ ಧಣಿಯದು. ಸೆಲೆರಾನನ್ನು ಓಡಿಸಿದವನ ವಿಷಯದಲ್ಲಿ ಮೂರೂ ಒಬ್ಬನೇ: ಕೀಲಿ ತಿರುಗಿಸಿದವನು, ಅಪಾಯ ಹೊತ್ತವನು, ಫಲ ಉಂಡವನು. ಯಂತ್ರದ ಮುಂದೆ ಮನುಷ್ಯ ಹೀಗೆ ನಿಂತದ್ದು ನಮ್ಮ ಕಾಲದಲ್ಲಿ ಬಹಳ ಅಪರೂಪ. ಆ ಜನ ಇಪ್ಪತ್ತೈದು ವರ್ಷದ ಮೇಲೂ ಅದನ್ನು ಮರೆತಿಲ್ಲವೆಂದರೆ ಕಾರಣ ಆ 150 ಮೆಗಾಹರ್ಟ್ಸ್ ಅಲ್ಲ. ಇಂದು ಅವರ ಜೇಬಿನ ಫೋನು ಅದಕ್ಕಿಂತ ಎಷ್ಟೋ ಪಟ್ಟು ಬಿರುಸು.

ಆ ಹಲಗೆಗಳು ಅಮರವೇನೂ ಅಲ್ಲ. ಕೆಪಾಸಿಟರುಗಳಲ್ಲಿ ತುಂಬಿದ ದ್ರಾವಣದ ಪಾಕ ಕೆಟ್ಟು, ಒಳಗೆ ಅನಿಲ ಹುಟ್ಟಿ, ಡಬ್ಬಿಗಳು ಉಬ್ಬಿ ಒಡೆದ ಪಿಡುಗು 2000ದ ಆಸುಪಾಸಿನಿಂದ ಹಲವು ವರ್ಷ ಕಾಡಿತು. ಎಬಿಟ್ ಹಲಗೆಗಳೂ ಇದಕ್ಕೆ ತುತ್ತಾದವು. ಅಮೆರಿಕದ ಡೆಲ್ ಕಂಪನಿ 2005ರಲ್ಲಿ ಇದರ ರಿಪೇರಿ ಬದಲಾವಣೆಗೆಂದು 30 ಕೋಟಿ ಡಾಲರ್ ತೆಗೆದಿಡಬೇಕಾಯಿತು. ಎಬಿಟ್ 2008ರ ಕೊನೆಗೆ ಕಣ್ಮುಚ್ಚಿತು. ಅದರ ಜೊತೆಗಾರ 440ಬಿಎಕ್ಸ್ ಮಾತ್ರ ವಿಚಿತ್ರವಾಗಿ ಬದುಕಿದೆ: ಒಂದು ದೊಡ್ಡ ಯಂತ್ರದೊಳಗೆ ಹಲವು ಕಾಲ್ಪನಿಕ ಯಂತ್ರಗಳನ್ನು ನಡೆಸುವ ವಿಎಂವೇರ್ ತಂತ್ರಾಂಶ ತೋರಿಸುವ ಕಾಲ್ಪನಿಕ ಹಲಗೆ ಇದೇ.

ಉಳಿದ ಹಲಗೆಗಳು ಎಲ್ಲಿ ಹೋದವು? ಬೀರುವಿನಲ್ಲಿ ಗಾಜಿನ ಹಿಂದೆ ಕೂತವು ಬೆರಳೆಣಿಕೆ. ದಿಲ್ಲಿಯ ಸೀಲಂಪುರದಲ್ಲಿ ಒಡೆದು, ರಾಮಗಂಗಾ ದಂಡೆಯ ಮೊರಾದಾಬಾದಿನಲ್ಲಿ ಸುಟ್ಟು, ಆಸಿಡ್ಡಿನಲ್ಲಿ ಅದ್ದಿ, ತಾಮ್ರ ಚಿನ್ನ ಹೆಕ್ಕುವ ಬಡವರ ಕೈ ಸೇರಿದವುಗಳ ರಾಶಿ ದೊಡ್ಡದು. ಆ ಹೊಗೆ ಕುಡಿದವರು ಯಾವ ಮೆಗಾಹರ್ಟ್ಸನ್ನೂ ಕಂಡವರಲ್ಲ. ಹಳೆಯ ಹಲಗೆಯ ಛಾಯಾಚಿತ್ರಕ್ಕೆ ನಿಟ್ಟುಸಿರು ಬಿಡುವ ಮಿತ್ರರು ಈ ಚಿತ್ರವನ್ನೂ ಒಮ್ಮೆ ನೋಡುವುದು ಒಳ್ಳೆಯದು. ಒಂದು ಹಲಗೆ ಹತ್ತು ವರ್ಷ ಹೆಚ್ಚು ಬಾಳಿದರೆ ಅಲ್ಲಿ ಅಷ್ಟು ಹೊಗೆ ಕಡಿಮೆ.

ಮುಂದೆ ಬೀಗಗಳು ಪಳಗಿದವು. 2010ರಲ್ಲಿ ಇಂಟೆಲ್ ಪೆಂಟಿಯಂ ಜಿ6951 ಎಂಬ ಚಿಪ್ಪನ್ನು ಮಾರಿ, ಅದರೊಳಗೇ ಇರುವ ಹೆಚ್ಚಿನ ಉಗ್ರಾಣವನ್ನೂ ಇನ್ನೊಂದು ಸೌಲಭ್ಯವನ್ನೂ ತೆರೆಯಲು 50 ಡಾಲರಿನ ಚೀಟಿ ಮಾರಾಟಕ್ಕಿಟ್ಟಿತು. ಕೆರೆದು ಗುಟ್ಟಿನ ಸಂಖ್ಯೆ ಓದುವ ಚೀಟಿ, ಜಾತ್ರೆಯ ಲಾಟರಿಯಂತೆ. ಜನ ಛೀಮಾರಿ ಹಾಕಿದರು, 2011ರಲ್ಲಿ ಅದು ನಿಂತಿತು. ಆದರೆ 2011ರ ಜನವರಿಯಲ್ಲೇ ಬಂದ ಹೊಸ ಪೀಳಿಗೆಯ ಚಿಪ್ಪುಗಳಲ್ಲಿ ಎಲ್ಲ ಭಾಗಗಳ ತಾಳವನ್ನೂ ಒಂದೇ ಗಂಟಿಗೆ ಬಿಗಿದರು. ಶಾಫ್ಟನ್ನು ನೂರಕ್ಕೆ ನಾಲ್ಕೈದು ಹೆಚ್ಚಿಸಿದರೂ ಯಂತ್ರ ತಡವರಿಸುತ್ತದೆ. ಗುಣಕ ಬೇಕೇ? ಹೆಸರಿನ ಕೊನೆಗೆ ‘ಕೆ’ ಅಕ್ಷರವಿರುವ ಚಿಪ್ ಕೊಳ್ಳಿ. ಐ5-2500 ಚಿಪ್ಪಿಗೆ 205 ಡಾಲರ್, 2500ಕೆ ಚಿಪ್ಪಿಗೆ 216. ಹಿಂದೆ ಟೇಪಿನ ತುಂಡಿಗೆ ತೆರೆದ ಬಾಗಿಲಿಗೆ 11 ಡಾಲರಿನ ಸುಂಕದ ಕಟ್ಟೆ. ಜೊತೆಗೆ ಅದಕ್ಕೆ ಒಪ್ಪುವ ದುಬಾರಿ ಹಲಗೆ. 2023ರಲ್ಲಿ ದೊಡ್ಡ ಸಂಸ್ಥೆಗಳಿಗೆ ಮಾರುವ ಜಿಯಾನ್ ಚಿಪ್ಪುಗಳಲ್ಲಿ ಹಣ ಕಟ್ಟಿದರೆ ಮಾತ್ರ ಎಚ್ಚರಗೊಳ್ಳುವ ಭಾಗಗಳ ಪದ್ಧತಿ ಮತ್ತೆ ಬಂದಿತು, ಇಂಟೆಲ್ ಆನ್ ಡಿಮ್ಯಾಂಡ್ ಎಂಬ ಹೆಸರಿನಲ್ಲಿ. ಎಎಂಡಿ 2017ರ ರೈಜೆನ್ ಚಿಪ್ಪುಗಳಿಂದೀಚೆಗೆ ಗುಣಕವನ್ನು ಬಹುಪಾಲು ತೆರೆದೇ ಇಟ್ಟಿದೆ, ಅದನ್ನು ಮೆಚ್ಚಬೇಕು. ಆದರೂ ಇಂದಿನ ಚಿಪ್ಪುಗಳಲ್ಲಿ ಹೆಚ್ಚು ಸಡಿಲ ಉಳಿದಿಲ್ಲ. ಕಾವು ನೋಡಿಕೊಂಡು ತಾವೇ ವೇಗ ಏರಿಸಿಕೊಳ್ಳುವ ಬುದ್ಧಿಯನ್ನು ಕಾರ್ಖಾನೆಯಲ್ಲೇ ತುಂಬುತ್ತಾರೆ. ರಾತ್ರಿ ಕೂತು ಹುಡುಗ ಹಿಂಡಿಕೊಳ್ಳುತ್ತಿದ್ದ ಹಾಲನ್ನು ಈಗ ಕಂಪನಿಯೇ ಹಿಂಡಿ ಪೊಟ್ಟಣ ಕಟ್ಟಿ ಮಾರುತ್ತದೆ.

ವೇಗದ ಮಾತು ಹೋಗಲಿ, ಅದು ಕೆಲವರ ಹವ್ಯಾಸ. ರಿಪೇರಿಯ ಮಾತು ಎಲ್ಲರದು. 2012ರಲ್ಲಿ ಆಪಲ್ ಕಂಪನಿ ತನ್ನ ಹೊಸ ಮ್ಯಾಕ್‌ಬುಕ್ ಪ್ರೋದಲ್ಲಿ ಮೆಮೊರಿಯನ್ನು ಹಲಗೆಗೇ ಬೆಸೆದುಬಿಟ್ಟಿತು. ಆಮೇಲೆ ಬೇರೆಯವರೂ ಆ ದಾರಿ ಹಿಡಿದರು. ಅಂಥ ಯಂತ್ರದಲ್ಲಿ ಮೆಮೊರಿಯ ಒಂದು ಚಿಪ್ ಸತ್ತರೆ, ಒಂದು ಪಟ್ಟಿಯನ್ನು ಕಿತ್ತು ಇನ್ನೊಂದನ್ನು ಚುಚ್ಚುತ್ತಿದ್ದ ಕಡೆ ಈಗ ಇಡೀ ಹಲಗೆ ಬದಲಾಗಬೇಕು. ಕಂಪನಿಯ ಕೇಂದ್ರ ಇರುವುದು ದೊಡ್ಡ ಪಟ್ಟಣದಲ್ಲಿ. ನಮ್ಮ ಊರ ರಿಪೇರಿಯವನ ಹತ್ತಿರ ನಕಾಶೆಯೂ ಇಲ್ಲ, ಬಿಡಿಭಾಗವೂ ಇಲ್ಲ. 1998ರ ಹಲಗೆಯ ಜೊತೆಗೆ ಯಾವ ಜಂಪರ್ ಯಾವುದಕ್ಕೆ ಎಂದು ಕೋಷ್ಟಕ ಹಾಕಿದ ಪುಸ್ತಕವೊಂದು ಪೆಟ್ಟಿಗೆಯಲ್ಲೇ ಬರುತ್ತಿತ್ತು. ಆ ಪುಸ್ತಕ ನಿಂತದ್ದರಿಂದ ಗಿರಾಕಿಗೂ ನಷ್ಟ, ಅಂಗಡಿಯವನಿಗೂ ಹೊಟ್ಟೆಗೆ ಪೆಟ್ಟು.

ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿಯೊಂದನ್ನು ನೇಮಿಸಿತು, ಅದೇ ಡಿಸೆಂಬರ್ 24ರಂದು ಜಾಲತಾಣವೊಂದನ್ನು ತೆರೆಯಿತು. ಕೃಷಿ ಯಂತ್ರ, ಮೊಬೈಲು ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಿಭಾಗಗಳಲ್ಲಿ ಕಂಪನಿಗಳು ರಿಪೇರಿಯ ಮಾಹಿತಿ ಕೊಡಬೇಕೆಂಬ ಉದ್ದೇಶ. ಉದ್ದೇಶ ಸರಿ, ಆದರೆ ಜಾಲತಾಣ ಕಾಯಿದೆಯಲ್ಲ. ಬೇಕಾದದ್ದು ಇಷ್ಟು: ಯಂತ್ರದ ಪೆಟ್ಟಿಗೆಯ ಮೇಲೆಯೇ ಮೆಮೊರಿ, ಡಿಸ್ಕು, ಬ್ಯಾಟರಿ ಬದಲಿಸಲು ಬರುತ್ತವೆಯೇ ಇಲ್ಲವೇ, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ಒಳಗಿರುವ ಯಾವ ಭಾಗಕ್ಕೆ ಬೀಗ ಹಾಕಿದೆ ಎಂಬುದನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕು, ನಕಾಶೆಯನ್ನು ಊರ ರಿಪೇರಿಯವನಿಗೂ ಕೊಡಬೇಕು. ಇದೇನು ಕೇಳಬಾರದ ಬೇಡಿಕೆಯಲ್ಲ. ಬೇಳೆಯ ಪೊಟ್ಟಣದ ಮೇಲೆ ತೂಕ, ದರ, ಕಟ್ಟಿದ ತಿಂಗಳು ಅಚ್ಚಾಗಿರದಿದ್ದರೆ 2011ರ ಪೊಟ್ಟಣ ಸರಕುಗಳ ನಿಯಮದಂತೆ ತೂಕಮಾಪನ ಇಲಾಖೆಯವರು ಬಂದು ಸಣ್ಣ ಕಿರಾಣಿ ಅಂಗಡಿಯವನಿಗೇ ದಂಡ ಹಾಕಿ ಹೋಗುತ್ತಾರೆ.